ನೆರಳಿಗೆ ಮೊಳೆ ಹೊಡೆಯುವ ಮಂತ್ರಕ್ಕೆ ಬೆಲೆ ಎಷ್ಟು?

ಭಾನುವಾರದ ಸಂಜೆ. ಬೆಂಗಳೂರಿನ ಯಾವುದೋ ಬೋರ್ಡ್‌ಗೇಮ್ ಕೆಫೆಯ ಮೂಲೆ ಮೇಜು ಇರಬಹುದು, ಯಾರದೋ ಮನೆಯ ಡೈನಿಂಗ್ ಟೇಬಲ್ ಇರಬಹುದು. ಸುತ್ತ ಐದು ಜನ. ನಡುವೆ ಚೌಕಳಿ ಹಾಳೆ, ಪೆನ್ಸಿಲ್, ಬಾಯಿ ತೆರೆದ ಚಿಪ್ಸ್ ಪೊಟ್ಟಣ, ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ಬಣ್ಣಬಣ್ಣದ ದಾಳಗಳು. ಕಥೆಯೊಳಗೆ ಇವರೆಲ್ಲ ಒಂದು ಪಾಳು ಕೋಟೆ ಹೊಕ್ಕಿದ್ದಾರೆ. ಎದುರಿಗೆ ದರೋಡೆಕೋರರ ಸರದಾರ ಕತ್ತಿ ಹಿರಿದು ನಿಂತಿದ್ದಾನೆ.

ಮಾಂತ್ರಿಕನ ಪಾತ್ರದ ಹುಡುಗ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆಯುತ್ತಾನೆ. ‘ಇದು ನಾನೇ ಬರೆದಿರೋ ಮಂತ್ರ. ಹೆಸರು ನೆರಳುಮೊಳೆ. ಅವನ ನೆರಳಿಗೆ ಮೊಳೆ ಹೊಡೀತೀನಿ. ಒಂದು ನಿಮಿಷ ಅವನು ಅಲ್ಲಾಡೋ ಹಾಗಿಲ್ಲ.’

‘ತಪ್ಪಿಸ್ಕೊಳ್ಳೋಕೆ ಅವನಿಗೆ ದಾರಿ?’ ಆಟ ನಡೆಸುವವಳು ಕೇಳುತ್ತಾಳೆ.

‘ಇಲ್ಲ. ನೆರಳಿಂದ ಯಾರಾದ್ರೂ ತಪ್ಪಿಸ್ಕೊಳ್ಳೋಕಾಗುತ್ತಾ?’

ಎಲ್ಲರೂ ನಗುತ್ತಾರೆ. ಕಲ್ಪನೆ ಸೊಗಸಾಗಿದೆ, ಅನುಮಾನವಿಲ್ಲ. ಆದರೆ ಪಕ್ಕದಲ್ಲಿ ಕತ್ತಿವೀರಳ ಪಾತ್ರ ಆಡುತ್ತಿರುವವಳು ದಾಳ ಕೆಳಗಿಟ್ಟು ಫೋನ್ ಕೈಗೆತ್ತಿಕೊಳ್ಳುತ್ತಾಳೆ. ಅಲ್ಲಾಡದೆ ನಿಂತವನ ಎದುರು ಅವಳ ಕತ್ತಿವರಸೆಗೆ ಏನು ಕೆಲಸ?

‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ನೆಲಮಾಳಿಗೆಯಲ್ಲಿ ಕುಳಿತು ದಾಳ ಉರುಳಿಸುವ ಹುಡುಗರು ಗೊತ್ತು. ಅವರು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಮೂಲಪುರುಷ ಅದೇ. ಒಬ್ಬರು ಇಡೀ ಲೋಕವನ್ನು ನಡೆಸುತ್ತಾರೆ. ಅವರು ಡಂಜನ್ ಮಾಸ್ಟರ್, ಬಾಯಿಮಾತಿನಲ್ಲಿ ಡಿಎಂ. ಉಳಿದವರಿಗೆ ಒಂದೊಂದು ಪಾತ್ರ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲೆಲ್ಲ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ.

ನಿಯಮಪುಸ್ತಕದಲ್ಲಿ ನೂರಾರು ಮಂತ್ರಗಳಿವೆ. ಆದರೂ ಆಟಗಾರರು ಸ್ವಂತದ್ದು ಬರೆಯದೆ ಬಿಡುವುದಿಲ್ಲ. ಹೀಗೆ ಬರೆದುಕೊಂಡದ್ದಕ್ಕೆ ಹೋಂಬ್ರೂ ಎನ್ನುತ್ತಾರೆ. ನಮ್ಮ ಗಲ್ಲಿ ಕ್ರಿಕೆಟ್ಟಿನ ‘ಒನ್ ಪಿಚ್ ಕ್ಯಾಚ್ ಔಟ್’, ‘ಆಂಟಿ ಮನೆ ಕಾಂಪೌಂಡಿಗೆ ಹೊಡೆದರೆ ಔಟ್’ ಎಂಬ ನಿಯಮಗಳೂ ಹೋಂಬ್ರೂಗಳೇ. ಎರಡೂ ಹುಟ್ಟುವುದು ಆಡುವ ಜಾಗದ ಅಗತ್ಯದಿಂದ.

ಮನೆಯಲ್ಲೇ ಹುಟ್ಟಿದ ಮಾಂತ್ರಿಕರು

ಸ್ವಂತ ಮಂತ್ರ ಬರೆಯುವುದು ಆಟದ ಶಿಸ್ತಿಗೆ ವಿರುದ್ಧ ಎನ್ನುವವರು ಆಟದ ಚರಿತ್ರೆಯನ್ನು ಒಮ್ಮೆ ನೋಡಬೇಕು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣ ಬರೀ 1000 ಪ್ರತಿ. ಅದಕ್ಕೂ ಮೊದಲು ಇಬ್ಬರೂ ತಮ್ಮ ತಮ್ಮ ಗೆಳೆಯರ ಗುಂಪಿನಲ್ಲಿ ನಿಯಮಗಳನ್ನು ಆಡುತ್ತಲೇ ಕಟ್ಟಿದ್ದರು.

ಇಂದಿಗೂ ಪುಸ್ತಕದಲ್ಲಿರುವ ಕೆಲವು ಮಂತ್ರಗಳಿಗೆ ಅಂಟಿಕೊಂಡಿರುವ ಮಾಂತ್ರಿಕರ ಹೆಸರು ನೋಡಿ. ಡ್ರಾಮಿಜ್ ಎಂಬ ಮಾಂತ್ರಿಕ ಬೇರೆ ಯಾರೂ ಅಲ್ಲ, ಗೈಗ್ಯಾಕ್ಸ್ ಗೆಳೆಯ ಜಿಮ್ ವಾರ್ಡ್. ಹೆಸರನ್ನು ಇಂಗ್ಲಿಷಿನಲ್ಲಿ ತಿರುವುಮುರುವಾಗಿ ಬರೆದದ್ದು. ಟೆನ್ಸರ್ ಎಂಬುದು ಗೈಗ್ಯಾಕ್ಸ್ ಮಗ ಅರ್ನೆಸ್ಟ್‌ನ ಹೆಸರಿನ ಅಕ್ಷರಗಳನ್ನು ಕಲಸಿ ಮಾಡಿದ್ದು. ಮೆಲ್ಫ್ ಇನ್ನೊಬ್ಬ ಮಗನ ಪಾತ್ರ. ಮಾರ್ಡನ್‌ಕೈನನ್ ಸ್ವತಃ ಗೈಗ್ಯಾಕ್ಸ್ ಆಡುತ್ತಿದ್ದ ಮಾಂತ್ರಿಕ. ಈಗ ‘ಅಧಿಕೃತ’ ಎನಿಸಿಕೊಂಡಿರುವ ಈ ಹೆಸರುಗಳೆಲ್ಲ ಒಂದು ಮನೆಯ ಮೇಜಿನ ಸುತ್ತ ಹುಟ್ಟಿದವು.

ಮಂತ್ರ ಮರೆಯುವ ಮಾಂತ್ರಿಕ

ಆ ಮೇಜಿಗೆ ಆರಂಭದಲ್ಲೇ ಎದುರಾದ ಪ್ರಶ್ನೆ: ಮಾಂತ್ರಿಕ ಏನು ಬೇಕಾದರೂ ಮಾಡಬಲ್ಲನಾದರೆ ಉಳಿದವರು ಯಾಕೆ ಬೇಕು? ಉತ್ತರಕ್ಕೆ ಗೈಗ್ಯಾಕ್ಸ್ ಹೋದದ್ದು ಜ್ಯಾಕ್ ವಾನ್ಸ್ ಎಂಬ ಲೇಖಕನ ಬಳಿ. ವಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ತ್’ ಕಥೆಗಳಲ್ಲಿ ಮಾಂತ್ರಿಕನ ತಲೆಯೊಳಗೆ ಕೆಲವೇ ಮಂತ್ರಗಳಿಗೆ ಜಾಗ. ಒಮ್ಮೆ ಹೇಳಿದರೆ ಆ ಮಂತ್ರ ಮರೆತುಹೋಗುತ್ತದೆ. ಮತ್ತೆ ಪುಸ್ತಕ ತೆರೆದು ಬಾಯಿಪಾಠ ಮಾಡಬೇಕು. ಗೈಗ್ಯಾಕ್ಸ್ ಇದನ್ನೇ ನಿಯಮವಾಗಿಸಿದ. ‘ಸ್ಟ್ರೇಂಜರ್ ಥಿಂಗ್ಸ್’ನಲ್ಲಿ ಹೆದರಿಸಿದ ವೆಕ್ನಾ ಮೊದಲು ಈ ಆಟದ ಖಳನಾಯಕ, ಆ ಹೆಸರೂ ವಾನ್ಸ್‌ನ ಅಕ್ಷರಗಳನ್ನು ಅದಲುಬದಲು ಮಾಡಿ ಕೊಟ್ಟ ಗೌರವ.

ಈಗಿನ ಆವೃತ್ತಿಯಲ್ಲಿ ಮರೆವು ಇಲ್ಲ, ಲೆಕ್ಕ ಉಳಿದಿದೆ. ಐದನೇ ಹಂತದ ಮಾಂತ್ರಿಕನಿಗೆ ದಿನಕ್ಕೆ ಮೊದಲ ಮಟ್ಟದ ಮಂತ್ರಗಳಿಗೆ ನಾಲ್ಕು ಸ್ಲಾಟ್ (ಬಳಸುವ ಅವಕಾಶ), ಎರಡನೇ ಮಟ್ಟಕ್ಕೆ ಮೂರು, ಮೂರನೇ ಮಟ್ಟಕ್ಕೆ ಎರಡು. ಮುಗಿದರೆ ಬಹುಪಾಲು ರಾತ್ರಿ ನಿದ್ದೆ ಮಾಡಿ ಎದ್ದ ಮೇಲೆಯೇ ಮತ್ತೆ ಸಿಗುವುದು. ಮಂತ್ರ ಬಲವಾದಷ್ಟೂ ದೊಡ್ಡ ಸ್ಲಾಟ್ ಖರ್ಚು.

ಈ ತರ್ಕ ನಮಗೆ ಹೊಸದಲ್ಲ. ಕರ್ಣನ ಬಳಿ ಇಂದ್ರ ಕೊಟ್ಟ ಶಕ್ತ್ಯಾಯುಧವಿತ್ತು. ಒಂದೇ ಸಲ ಬಳಸಬಹುದು ಎಂಬ ಷರತ್ತಿನ ಮೇಲೆ. ಅರ್ಜುನನಿಗೆಂದು ಅವನು ಕಾದಿಟ್ಟುಕೊಂಡಿದ್ದ ಆಯುಧವನ್ನು ಕೃಷ್ಣ ಘಟೋತ್ಕಚನನ್ನು ಮುಂದೆ ಬಿಟ್ಟು ಖರ್ಚು ಮಾಡಿಸಿದ. ಆಟದ ಭಾಷೆಯಲ್ಲಿ ಹೇಳುವುದಾದರೆ ಕೃಷ್ಣ ಅಂದು ಮಾಡಿದ್ದು ಪಕ್ಕಾ ಡಿಎಂ ಕೆಲಸ: ದೊಡ್ಡ ಯುದ್ಧಕ್ಕೆ ಮೊದಲು ಎದುರಾಳಿಯ ದೊಡ್ಡ ಸ್ಲಾಟ್ ಬರಿದು ಮಾಡುವುದು. ಪರಶುರಾಮನ ಶಾಪದಿಂದ ಬೇಕಾದ ಹೊತ್ತಿಗೆ ಅಸ್ತ್ರ ಮರೆತುಹೋದದ್ದಂತೂ ವಾನ್ಸ್‌ನ ಮಾಂತ್ರಿಕರಿಗೂ ಅರ್ಥವಾಗುವ ಸಂಕಟ. ಅಶ್ವತ್ಥಾಮನಿಗೆ ಬ್ರಹ್ಮಶಿರವನ್ನು ಬಿಡಲು ಬರುತ್ತಿತ್ತು, ಹಿಂತೆಗೆದುಕೊಳ್ಳಲು ಬರುತ್ತಿರಲಿಲ್ಲ. ಮಹಾಭಾರತದ ಅಸ್ತ್ರಗಳನ್ನು ಆಟಕ್ಕೆ ತರಲು ಹೊರಡುವವರು ಸಾಮಾನ್ಯವಾಗಿ ಅವುಗಳ ಬಲವನ್ನಷ್ಟೇ ತರುತ್ತಾರೆ. ನನ್ನ ಮಟ್ಟಿಗೆ ತರಬೇಕಾದದ್ದು ಷರತ್ತುಗಳನ್ನು; ಕಥೆ ಇರುವುದೇ ಅಲ್ಲಿ.

ಖರ್ಚಿನ ಲೆಕ್ಕ ಕೆಲಸ ಮಾಡಬೇಕಾದರೆ ದಿನವೂ ಉದ್ದ ಇರಬೇಕು. 2014ರ ಡಿಎಂ ಕೈಪಿಡಿ ಒಂದು ದಿನಕ್ಕೆ ಸುಮಾರು ಆರರಿಂದ ಎಂಟು ಹಣಾಹಣಿಗಳನ್ನು ಊಹಿಸಿಕೊಂಡಿತ್ತು. ಆದರೆ ವಾರಕ್ಕೊಮ್ಮೆ ಮೂರು ಗಂಟೆ ಸೇರುವ ಗೆಳೆಯರು ಕಥೆಯ ಒಂದು ದಿನಕ್ಕೆ ಒಂದೋ ಎರಡೋ ಕಾಳಗ ಆಡಿದರೆ ಹೆಚ್ಚು. ಮಾಂತ್ರಿಕ ಇದ್ದಬದ್ದ ಮಂತ್ರಗಳನ್ನೆಲ್ಲ ಅದೊಂದರಲ್ಲೇ ಸುರಿದು ಮಲಗಿಬಿಡುತ್ತಾನೆ. ‘ನಮ್ಮ ಮೇಜಿನಲ್ಲಿ ಮಾಂತ್ರಿಕರದೇ ದರ್ಬಾರು’ ಎನ್ನುವವರು ಮಂತ್ರದ ಅಂಕಿಗಳನ್ನು ತಿದ್ದುವ ಮೊದಲು ಈ ದಿನಚರಿಯನ್ನು ನೋಡುವುದು ಒಳ್ಳೆಯದು.

ಒಂದು ಮಂತ್ರದ ಜಾತಕ

ಬಲವಾದ ಮಂತ್ರ ಎಂದರೆ ಜೋರಾಗಿ ಹೊಡೆಯುವ ಮಂತ್ರ ಎಂದು ಹೊಸಬರು ಭಾವಿಸುತ್ತಾರೆ. ಹಳಬರು ಹೆದರುವುದು ‘ಹೇಸ್ಟ್’ನಂಥ ಮಂತ್ರಗಳಿಗೆ. ಅದು ಯಾರಿಗೂ ಹೊಡೆಯುವುದಿಲ್ಲ. ಗೆಳೆಯನಿಗೆ ವೇಗ ಕೊಡುತ್ತದೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಯ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಹೇಸ್ಟ್ ಪಡೆದವರ ನಡಿಗೆ, ಹೊಡೆತ ಎರಡೂ ದುಪ್ಪಟ್ಟು. ಬೆಲೆ? ಆಯಸ್ಸಿನಲ್ಲಿ ಒಂದು ವರ್ಷ. ಓದಲು ರೋಮಾಂಚನ, ಆಡುವಾಗ ಮಾತ್ರ ಹುಸಿ ಬೆಲೆ. ಇಪ್ಪತ್ತರ ಹರೆಯದ ಯೋಧನಿಗೆ ಒಂದು ವರ್ಷ ಯಾವ ಲೆಕ್ಕ? ನೂರಾರು ವರ್ಷ ಬದುಕುವ ಎಲ್ಫ್‌ಗಂತೂ ನಗು ಬರಬೇಕು.

2000ದಲ್ಲಿ ಬಂದ ಮೂರನೇ ಆವೃತ್ತಿ ಆಯಸ್ಸಿನ ಷರತ್ತು ತೆಗೆದುಹಾಕಿ, ಸರದಿಗೊಂದು ಹೆಚ್ಚುವರಿ ಕ್ರಿಯೆ ಕೊಟ್ಟಿತು. ಬರೆದವರ ಕಣ್ಣಮುಂದೆ ಎರಡು ಸಲ ಕತ್ತಿ ಬೀಸುವ ಯೋಧ ಇದ್ದನೇನೋ. ಆಟಗಾರರಿಗೆ ಕಂಡದ್ದು ಒಂದೇ ಸರದಿಯಲ್ಲಿ ಎರಡು ಮಂತ್ರ ಹೇಳುವ ಮಾಂತ್ರಿಕ. ಹೇಸ್ಟ್ ಇಲ್ಲದ ಮಾಂತ್ರಿಕ ದಡ್ಡ ಎನ್ನುವಂತಾಯಿತು. 2003ರ ಪರಿಷ್ಕರಣೆಯಲ್ಲಿ ಅದಕ್ಕೆ ಕತ್ತರಿ ಬಿತ್ತು.

2014ರ ಐದನೇ ಆವೃತ್ತಿಯ ಹೇಸ್ಟ್ ಆ ಪಾಠ ಕಲಿತ ಮಂತ್ರ. ಹೆಚ್ಚುವರಿ ಕ್ರಿಯೆ ಇದೆ, ಆದರೆ ಒಂದು ಹೊಡೆತ, ಓಟ, ಅಡಗುವುದು ಇಂಥ ಕೆಲವಕ್ಕೆ ಮಾತ್ರ, ಮಂತ್ರಕ್ಕಿಲ್ಲ. ಹೇಳಿದವನು ಏಕಾಗ್ರತೆ ಹಿಡಿದಿರಬೇಕು. ಆ ಹೊತ್ತಿನಲ್ಲಿ ಏಕಾಗ್ರತೆ ಬೇಡುವ ಇನ್ನೊಂದು ಮಂತ್ರ ಸಾಧ್ಯವಿಲ್ಲ. ಪೆಟ್ಟು ತಿಂದಾಗಲೆಲ್ಲ ದಾಳ ಉರುಳಿಸಿ ಅದನ್ನು ಉಳಿಸಿಕೊಳ್ಳಬೇಕು. ಮಂತ್ರ ಮುಗಿದ ತಕ್ಷಣ ವೇಗ ಪಡೆದವನು ಒಂದು ಸರದಿ ಸುಸ್ತಾಗಿ ನಿಲ್ಲುತ್ತಾನೆ, ಕಾಲೂ ಏಳದು. ಈಗ ಬೆಲೆ ತೆರುವುದು ಈ ಕಾಳಗದಲ್ಲೇ, ಈ ಮೇಜಿನಲ್ಲೇ. ಶತ್ರುಗಳೆಲ್ಲ ಮಾಂತ್ರಿಕನ ಕಡೆ ಬಾಣ ತಿರುಗಿಸಿದರೆ ಗೆಳೆಯರು ಅವನ ಸುತ್ತ ಕೋಟೆ ಕಟ್ಟಬೇಕಾಗುತ್ತದೆ. ಒಬ್ಬನ ಮಂತ್ರ ಎಲ್ಲರ ಕೆಲಸವಾಯಿತು.

ಈ ಆಟದ ನಿಜವಾದ ನಾಣ್ಯ ಸರದಿ. ಒಂದು ಸುತ್ತಿನಲ್ಲಿ ಯಾರಿಗೆ ಎಷ್ಟು ಕೆಲಸ ಮಾಡಲು ಸಿಗುತ್ತದೆ ಎಂಬುದರ ಮುಂದೆ ಪೆಟ್ಟಿನ ಅಂಕಿ ಗೌಣ.

ನೆರಳುಮೊಳೆಯ ದುರಸ್ತಿ

ಈ ನಾಣ್ಯದಲ್ಲಿ ನೆರಳುಮೊಳೆಯನ್ನು ಎಣಿಸೋಣ. ಹುಡುಗ ಅದನ್ನು ಮೊದಲ ಮಟ್ಟದ ಮಂತ್ರ ಎಂದು ಬರೆದಿದ್ದಾನೆ. ಆಟದ ಒಂದು ಸುತ್ತು ಆರು ಸೆಕೆಂಡು. ಒಂದು ನಿಮಿಷಕ್ಕೆ ಹತ್ತು ಸುತ್ತು. ಅಂದರೆ ಸರದಾರ ಹತ್ತು ಸರದಿ ಕಳೆದುಕೊಂಡ. ಅಷ್ಟರೊಳಗೆ ಕಾಳಗ ಎಂದೋ ಮುಗಿದಿರುತ್ತದೆ.

ಪುಸ್ತಕದಲ್ಲಿ ಇದರ ದಾಯಾದಿ ‘ಹೋಲ್ಡ್ ಪರ್ಸನ್’ ಇದೆ, ಅದೂ ಎರಡನೇ ಮಟ್ಟದಲ್ಲಿ. ಮನುಷ್ಯರೂಪದ ಒಬ್ಬ ಶತ್ರುವನ್ನು ಅದು ಮರಗಟ್ಟಿಸುತ್ತದೆ. ಆದರೆ ಅವನಿಗೆ ಮೊದಲೇ ಒಂದು ದಾಳ, ಸಿಕ್ಕಿಬಿದ್ದ ಮೇಲೂ ಪ್ರತಿ ಸರದಿಯ ಕೊನೆಗೆ ಇನ್ನೊಂದು. ಮೂರನೇ ಹಂತದ ಮಾಂತ್ರಿಕನ ಮಂತ್ರ ಮೀರಲು 13 ಬೇಕು ಎಂದುಕೊಳ್ಳಿ. ಸರದಾರನ ಮನೋಬಲಕ್ಕೆ 2 ಸೇರಿಸಿದರೆ ದಾಳದಲ್ಲಿ 11 ಅಥವಾ ಹೆಚ್ಚು ಬೀಳಬೇಕು, ಅರ್ಧಕ್ಕರ್ಧ ಸಾಧ್ಯತೆ. ಅರ್ಧದಷ್ಟು ಸಲ ಮಂತ್ರ ತಾಗುವುದೇ ಇಲ್ಲ. ತಾಗಿದಾಗ ಸರಾಸರಿ ಎರಡು ಸರದಿ ಹೋಗುತ್ತವೆ. ಒಟ್ಟು ಸರಾಸರಿ ನಷ್ಟ ಒಂದು ಸರದಿ.

ಒಂದೆಡೆ ಒಂದು, ಇನ್ನೊಂದೆಡೆ ಹತ್ತು. ಅದೂ ಅಗ್ಗದ ಸ್ಲಾಟಿಗೆ. ಹೊಸ ಮಂತ್ರ ಬರೆದವರು ಮೊದಲು ಮಾಡಬೇಕಾದ ಕೆಲಸವೇ ಇದು: ಪುಸ್ತಕದಲ್ಲಿ ಅದರ ಹತ್ತಿರದ ನೆಂಟನನ್ನು ಹುಡುಕಿ ಪಕ್ಕಕ್ಕೆ ನಿಲ್ಲಿಸುವುದು.

ಸುಲಭದ ತಿದ್ದುಪಡಿ ಹೋಲ್ಡ್ ಪರ್ಸನ್‌ನ ನಿಯಮಗಳನ್ನೇ ಅಂಟಿಸಿ ಹೆಸರು ಬದಲಿಸುವುದು. ತಪ್ಪೇನಿಲ್ಲ, ಆದರೆ ನೆರಳು ಎಲ್ಲಿ ಹೋಯಿತು? ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ಮಟ್ಟದ ಮಂತ್ರವಾದ್ದರಿಂದ ಕಾಲು ಮಾತ್ರ ನೆಲಕ್ಕೆ ಅಂಟುತ್ತದೆ. ಕೈಯೂ ಕತ್ತಿಯೂ ಆಡುತ್ತವೆ. ಮೊದಲಿಗೂ ಪ್ರತಿ ಸರದಿಯ ಕೊನೆಗೂ ದಾಳ ಉಂಟು. ಏಕಾಗ್ರತೆ ಬೇಕು. ನೆರಳಿಲ್ಲದ ಕತ್ತಲಲ್ಲಿ ಮಂತ್ರ ನಡೆಯದು. ಯಾರಾದರೂ ದೀಪ ಆರಿಸಿದರೆ ಮೊಳೆ ಕಿತ್ತುಬಂತು.

ಇಷ್ಟಕ್ಕೇ ನಿಲ್ಲಿಸಿದರೆ ಮಂತ್ರ ಸಪ್ಪೆ. ಅದಕ್ಕೊಂದು ಒಗ್ಗರಣೆ: ಗೆಳೆಯರೊಬ್ಬರು ಪಂಜು ಹಿಡಿದು ಶತ್ರುವಿನ ಹತ್ತಿರ ನಿಂತರೆ ನೆರಳು ಗಟ್ಟಿಯಾಗುತ್ತದೆ, ಅವನು ಎರಡು ದಾಳ ಉರುಳಿಸಿ ಕಡಿಮೆ ಬಿದ್ದದ್ದನ್ನೇ ಒಪ್ಪಬೇಕು. ಬಿಡಿಸಿಕೊಳ್ಳುವ ಸಾಧ್ಯತೆ ಅರ್ಧದಿಂದ ಕಾಲಿಗೆ ಇಳಿಯಿತು. ಪಂಜು ಹಿಡಿಯುವವರು ಯಾರು? ಕತ್ತಿವೀರಳೇ. ಅವಳು ಗುರಾಣಿ ಕೆಳಗಿಡಬೇಕು, ಕಾಲು ಕಟ್ಟಿದರೂ ಕೈ ಆಡುವವನ ಎದುರು ನಿಲ್ಲಬೇಕು. ನಿಲ್ಲುತ್ತಾಳೋ ಇಲ್ಲವೋ ಎಂಬುದು ಅವಳ ತೀರ್ಮಾನ. ಶತ್ರುವಿನ ಕಡೆಯವರಿಗೂ ಒಂದು ಗುರಿ ಸಿಕ್ಕಿತು: ಆ ಪಂಜು.

ಬೀಗ ತೆಗೆಯುವವನ ಹೊಟ್ಟೆಪಾಡು

ಕಾಳಗದ ಮಂತ್ರಗಳನ್ನಾದರೂ ಎಣಿಸಬಹುದು. ಕಷ್ಟವಿರುವುದು ಕಾಳಗಕ್ಕೆ ಸಂಬಂಧವಿಲ್ಲದ ಮಂತ್ರಗಳಲ್ಲಿ. ಬರಗಾಲದ ಕಾಡು ದಾಟುವ ಕಥೆ ಹೆಣೆದು ತಂದ ಡಿಎಂಗೆ ‘ಗುಡ್‌ಬೆರಿ’ ಎಂಬ ಮೊದಲ ಮಟ್ಟದ ಮಂತ್ರ ಸಾಕು ತಲೆನೋವಿಗೆ. ಹತ್ತು ಹಣ್ಣು, ಒಂದೊಂದೂ ಒಬ್ಬರ ಒಂದು ದಿನದ ಊಟ. ಹಸಿವಿನ ಪ್ರಶ್ನೆಯೇ ಕಥೆಯಿಂದ ಎದ್ದುಹೋಯಿತು.

ಆದರೆ ಅದೇ ಪುಸ್ತಕದಲ್ಲಿ ಜಾಣ ಉತ್ತರಗಳೂ ಇವೆ. ‘ನಾಕ್’ ಮಂತ್ರ ಎಂಥ ಬೀಗವನ್ನೂ ತೆಗೆಯುತ್ತದೆ. ಹಾಗಾದರೆ ಬೀಗ ತೆಗೆಯುವ ಕೈಚಳಕವನ್ನೇ ನಂಬಿಕೊಂಡ ಕಳ್ಳನ ಪಾತ್ರ ಏನು ಮಾಡಬೇಕು? ಐದನೇ ಆವೃತ್ತಿ ಒಂದು ಸಾಲು ಸೇರಿಸಿತು: ಮಂತ್ರ ಹೇಳಿದಾಗ 300 ಅಡಿ ದೂರಕ್ಕೆ ಕೇಳುವಂತೆ ಧಡ್ ಎಂಬ ಸದ್ದಾಗುತ್ತದೆ. ಅಂಕಿ ಬದಲಾಗಲಿಲ್ಲ, ಮಟ್ಟ ಬದಲಾಗಲಿಲ್ಲ. ಸದ್ದಿಲ್ಲದೆ ತೆಗೆಯುವ ಕೆಲಸ ಕಳ್ಳನಿಗೇ ಉಳಿಯಿತು. ಹೆಣದ ಜೊತೆ ಮಾತಾಡುವ ಮಂತ್ರ ಕೊಲೆಯ ಕಥೆಯನ್ನು ಐದು ನಿಮಿಷಕ್ಕೆ ಮುಗಿಸಬಹುದಿತ್ತು. ಆದರೆ ಅಲ್ಲಿ ಐದೇ ಪ್ರಶ್ನೆ, ಮೇಲಾಗಿ ಹೆಣ ನಿಜ ಹೇಳಲೇಬೇಕೆಂದಿಲ್ಲ. ಹೋಂಬ್ರೂ ಬರೆಯುವವರು ಕಲಿಯಬೇಕಾದ ಕಸುಬು ಇದು ಎಂದು ನನಗನ್ನಿಸುತ್ತದೆ, ಕೋಷ್ಟಕಗಳಿಗಿಂತ ಹೆಚ್ಚಾಗಿ.

ಕೋಷ್ಟಕಗಳೂ ಇವೆ, ಇಲ್ಲವೆಂದಲ್ಲ. 2014ರ ಕೈಪಿಡಿಯ ಪ್ರಕಾರ ಹಲವರಿಗೆ ತಾಗುವ ಮೂರನೇ ಮಟ್ಟದ ಮಂತ್ರಕ್ಕೆ ಆರು ಮುಖದ ಆರು ದಾಳ ಸಾಕು. ಸರಾಸರಿ 21 ಪೆಟ್ಟು. ಅದೇ ಮಟ್ಟದ ಸುಪ್ರಸಿದ್ಧ ‘ಫೈರ್‌ಬಾಲ್’ ಎಂಟು ದಾಳ ಉರುಳಿಸುತ್ತದೆ, ಸರಾಸರಿ 28. ಮಾಂತ್ರಿಕನೆಂದರೆ ನೆನಪಾಗುವ ಮಂತ್ರ, ಅದಕ್ಕೇ ಬೇಕೆಂದೇ ಹೆಚ್ಚು ಕೊಟ್ಟಿದ್ದೇವೆ ಎಂದು ವಿನ್ಯಾಸಕಾರರೇ ಒಪ್ಪಿಕೊಂಡಿದ್ದಾರೆ. ಇದರಿಂದ ಹೋಂಬ್ರೂ ಬರೆಯುವವರಿಗೊಂದು ಎಚ್ಚರಿಕೆ: ನಿಮ್ಮ ಮಂತ್ರವನ್ನು ಫೈರ್‌ಬಾಲ್ ಪಕ್ಕ ನಿಲ್ಲಿಸಿ ‘ಸರಿಸಮ’ ಅನ್ನಬೇಡಿ. ಆ ತಕ್ಕಡಿ ಮೊದಲೇ ವಾಲಿದೆ.

ಎಲ್ಲರಿಗೂ ಒಂದೇ ಅಳತೆ ಕೊಟ್ಟಾಗ

ಸಮತೋಲವೇ ಪರಮ ಗುರಿಯಾದರೆ ಏನಾಗುತ್ತದೆ ಎಂಬುದಕ್ಕೆ 2008ರ ನಾಲ್ಕನೇ ಆವೃತ್ತಿ ಇದೆ. ಯೋಧ, ಕಳ್ಳ, ಮಾಂತ್ರಿಕ ಎಲ್ಲರಿಗೂ ಒಂದೇ ಚೌಕಟ್ಟು: ಬೇಕೆಂದಾಗ ಬಳಸುವ ಶಕ್ತಿಗಳು, ಕಾಳಗಕ್ಕೊಮ್ಮೆಯವು, ದಿನಕ್ಕೊಮ್ಮೆಯವು. ಲೆಕ್ಕ ಅಚ್ಚುಕಟ್ಟು. ಆದರೆ ಅನೇಕರಿಗೆ ಮಂತ್ರವೂ ಕತ್ತಿಯೂ ಒಂದೇ ರುಚಿ ಎನಿಸಿತು, ಹಳೆಯ ಅಭಿಮಾನಿಗಳು ದೊಡ್ಡ ಸಂಖ್ಯೆಯಲ್ಲಿ ಹಿಂದಿನ ನಿಯಮಗಳ ಮೇಲೆ ಕಟ್ಟಿದ ‘ಪಾತ್‌ಫೈಂಡರ್’ ಕಡೆ ಹೋದರು. ಆ ಆವೃತ್ತಿಗೆ ಸಿಕ್ಕ ಬೈಗುಳ ಸ್ವಲ್ಪ ಅತಿಯೇ ಆಯಿತು ಎಂಬುದು ನನ್ನ ಅಭಿಪ್ರಾಯ. ಯೋಧನ ಪಾತ್ರ ಅಷ್ಟು ಚುರುಕಾಗಿ ಎಂದೂ ಇರಲಿಲ್ಲ.

ಬೇರೆ ಆಟಗಳು ಬೆಲೆಯನ್ನು ಬೇರೆ ಕಡೆ ಇಟ್ಟಿವೆ. 1981ರ ‘ಕಾಲ್ ಆಫ್ ಕ್ಥುಲು’ವಿನಲ್ಲಿ ಮಂತ್ರ ಬಳಸಿದವರ ಬುದ್ಧಿಸ್ಥಿಮಿತವೇ ಸವೆಯುತ್ತದೆ. 1987ರ ‘ಆರ್ಸ್ ಮ್ಯಾಜಿಕಾ’ದಲ್ಲಿ ಐದು ಕ್ರಿಯೆ, ಹತ್ತು ವಸ್ತು ಇವೆ; ‘ನಾಶಮಾಡು’ ಮತ್ತು ‘ಬೆಂಕಿ’ ಎಂಬಂತೆ ಜೋಡಿಸಿ ಕುಳಿತಲ್ಲೇ ಮಂತ್ರ ಹೊಸೆಯಬಹುದು. ಅಲ್ಲಿ ಹೋಂಬ್ರೂ ಎಂಬ ಪ್ರತ್ಯೇಕ ವ್ಯವಹಾರವೇ ಬೇಡ.

ನಿಯಮ ಬರೆದವರೇ ಎಡವಿದಾಗ

ಹಾಳೆಯ ಮೇಲೆ ಸರಿ ಕಂಡದ್ದು ಮೇಜಿನ ಮೇಲೆ ಕೈಕೊಡುತ್ತದೆ. 2017ರಲ್ಲಿ ಬಂದ ‘ಜ಼ನಾಥರ್ಸ್ ಗೈಡ್ ಟು ಎವ್ರಿಥಿಂಗ್’ ಪುಸ್ತಕದ ‘ಹೀಲಿಂಗ್ ಸ್ಪಿರಿಟ್’ ಮಂತ್ರ ಒಂದು ನಿಮಿಷ ನಿಲ್ಲುವ ಗುಣಕಾರಿ ಚೇತನವೊಂದನ್ನು ಕರೆಯುತ್ತಿತ್ತು. ಅದಿರುವ ಜಾಗ ಹೊಕ್ಕವರಿಗೆ ಆರು ಮುಖದ ಒಂದು ದಾಳದಷ್ಟು ಚೇತರಿಕೆ. ಕಾಳಗದ ನಡುವೆ ಸಾಧಾರಣ ಮಂತ್ರ. ಕಾಳಗ ಮುಗಿದ ಮೇಲೆ ಆಟಗಾರರು ಸಾಲಾಗಿ ನಿಂತು ಹತ್ತು ಸುತ್ತೂ ಒಬ್ಬರ ಹಿಂದೊಬ್ಬರು ಅದರೊಳಗೆ ಹಾದುಹೋದರು. ಪ್ರತಿಯೊಬ್ಬರಿಗೂ ಸರಾಸರಿ 35 ಅಂಕ, ಅದೂ ಎರಡನೇ ಮಟ್ಟದ ಒಂದೇ ಸ್ಲಾಟಿಗೆ. ಕೊನೆಗೆ ಆಟದ ಮಾಲೀಕ ಕಂಪನಿ ತಿದ್ದುಪಡಿ ಹೊರಡಿಸಿ, ಎಷ್ಟು ಸಲ ಗುಣಪಡಿಸಬಹುದು ಎಂಬುದಕ್ಕೆ ಮಿತಿ ಹಾಕಿತು.

ಸಂಬಳ ಪಡೆಯುವ ವಿನ್ಯಾಸಕಾರರ ಕಣ್ಣೇ ತಪ್ಪುವಾಗ ಮನೆಯಲ್ಲಿ ಬರೆದ ಮಂತ್ರ ಒಂದೇ ಏಟಿಗೆ ಸರಿಹೋಗುವುದಿಲ್ಲ. ಅನುಭವಿ ಡಿಎಂಗಳು ಅದಕ್ಕೇ ‘ಬೇಡ’ ಎನ್ನುವುದಿಲ್ಲ, ‘ಎರಡು ಮೂರು ವಾರ ಆಡಿ ನೋಡೋಣ, ಆಮೇಲೆ ತಿದ್ದುವ ಹಕ್ಕು ನನ್ನದು’ ಎನ್ನುತ್ತಾರೆ. ಈ ಮಾತು ಮೊದಲೇ ಆಗಿರಬೇಕು. ಅರ್ಧ ದಾರಿಯಲ್ಲಿ ಕಿತ್ತುಕೊಂಡರೆ ಮುನಿಸು ಖಚಿತ. ಅಭಿಪ್ರಾಯ ಕೇಳಬೇಕಾದದ್ದು ಮಂತ್ರ ಬರೆದವನನ್ನಲ್ಲ, ಉಳಿದ ಮೂವರನ್ನು. ಅವರ ಬಾಯಲ್ಲಿ ‘ಪರವಾಗಿಲ್ಲ’ ಬಂದರೆ ಇನ್ನೂ ತಿದ್ದುವುದಿದೆ ಎಂದರ್ಥ. ಇನ್ನೊಂದು ಗುರುತು: ಇರುವ ಹತ್ತು ಮಂತ್ರ ಬಿಟ್ಟು ಪ್ರತಿ ಕಾಳಗದಲ್ಲೂ ಅದೊಂದೇ ಹೊರಬರುತ್ತಿದ್ದರೆ ಅದು ಅಗ್ಗವಾಯಿತು.

ಬರೆದದ್ದನ್ನು ಮಾರಬಹುದೇ?

ಮಾರಬಹುದು. 2000ದಿಂದಲೇ ಮುಕ್ತ ಪರವಾನಗಿಯೊಂದು ಇತರರಿಗೆ ಈ ನಿಯಮಗಳ ಮೇಲೆ ಪುಸ್ತಕ ಬರೆಯಲು ಅವಕಾಶ ಕೊಟ್ಟಿತ್ತು. 2023ರ ಆರಂಭದಲ್ಲಿ ಮಾಲೀಕ ಕಂಪನಿ ವಿಜ಼ರ್ಡ್ಸ್ ಆಫ್ ದಿ ಕೋಸ್ಟ್ ಅದನ್ನು ಬಿಗಿಗೊಳಿಸಲು ಹೊರಟಾಗ ಆಟಗಾರರು, ಪ್ರಕಾಶಕರು ಎದ್ದುನಿಂತರು. ಕೆಲವೇ ವಾರಗಳಲ್ಲಿ ಕಂಪನಿ ಹಿಂದೆ ಸರಿದು, ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಆಯಿತು. ಅದನ್ನು ಕನ್ನಡಕ್ಕೆ ತಂದು ನೆರಳುಮೊಳೆಯನ್ನೂ ಸೇರಿಸಿ ಮಾರುವುದಕ್ಕೆ ಅಡ್ಡಿಯಿಲ್ಲ.

ಒಂದು ವಿನಾಯಿತಿ ಮಾತ್ರ ಉಂಟು. ಆ ಮುಕ್ತ ಪಠ್ಯದಲ್ಲಿ ಮೆಲ್ಫ್‌ನ ಆಮ್ಲಬಾಣ ಬರೀ ಆಮ್ಲಬಾಣ, ಟೆನ್ಸರ್‌ನ ತೇಲುವ ತಟ್ಟೆ ಬರೀ ತೇಲುವ ತಟ್ಟೆ. ಮಂತ್ರಗಳು ಎಲ್ಲರವಾದವು. ಗೈಗ್ಯಾಕ್ಸ್ ಮನೆಯ ಮೇಜಿನಲ್ಲಿ ಮಕ್ಕಳು, ಗೆಳೆಯರು ಇಟ್ಟುಕೊಂಡಿದ್ದ ಹೆಸರುಗಳನ್ನು ಕಂಪನಿ ತನ್ನ ಬಳಿಯೇ ಉಳಿಸಿಕೊಂಡಿತು.